ಒಂದು ನಿಮಿಷದ ಎಣಿಕೆ: ಮಕ್ಕಳ ನ್ಯುಮೋನಿಯಾ ಅಧ್ಯಯನದ ಕೆಲಸದಿಂದ

ಮಕ್ಕಳ ನ್ಯುಮೋನಿಯಾ ಅಧ್ಯಯನಕ್ಕೆ ಹೊಸದಾಗಿ ಸೇರುವ ನರ್ಸ್‌ಗಳು, ಫೀಲ್ಡ್ ಕಾರ್ಯಕರ್ತರು ಮೊದಲ ವಾರ ಹೆದರುವುದು ಕಾಗದಪತ್ರಕ್ಕೆ. ಸಮ್ಮತಿ ಪತ್ರ, ಕೇಸ್ ರೆಕಾರ್ಡ್ ಫಾರ್ಮ್, ಔಷಧಿ ಲೆಕ್ಕದ ರಿಜಿಸ್ಟರ್ ಎಲ್ಲ ನೋಡಿದರೆ ಹೆದರಿಕೆ ಸಹಜವೇ. ಆದರೆ ಅಧ್ಯಯನ ಹಾಳಾಗುವುದು ಅಲ್ಲಿಂದಲ್ಲ. ಮಗುವಿನ ಉಸಿರನ್ನು ಒಂದು ನಿಮಿಷ ನೋಡಿ ಎಣಿಸುವ ಕೆಲಸ ಕೆಟ್ಟಾಗ ಹಾಳಾಗುತ್ತದೆ. ಆ ಸಂಖ್ಯೆ ತಪ್ಪಿದರೆ ಆಮೇಲೆ ಎಂಥ ಸಂಖ್ಯಾಶಾಸ್ತ್ರಜ್ಞರು ಬಂದರೂ ಸರಿಮಾಡಲಾಗದು.

ಇಡೀ ಚಿಕಿತ್ಸಾ ಪದ್ಧತಿ ನಿಂತಿರುವುದೇ ಈ ಎಣಿಕೆಯ ಮೇಲೆ. ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವ ಮಗುವಿಗೆ ಎಕ್ಸ್-ರೇ ಇಲ್ಲದೆ, ಸ್ಟೆತಸ್ಕೋಪ್ ಕೂಡ ಇಲ್ಲದೆ, ನ್ಯುಮೋನಿಯಾ ಇರಬಹುದೇ ಎಂದು ಹೇಳಲು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಗಡಿ ಇಷ್ಟು: 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು. ಈ ಸಂಖ್ಯೆಗಳು ಆಕಾಶದಿಂದ ಬಿದ್ದವಲ್ಲ. ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ 50ರ ಗಡಿಯನ್ನು ಮುಂದಿಟ್ಟರು. ವೆಲ್ಲೂರಿನ ತಂಡ 1988ರಲ್ಲಿ ನಮ್ಮ ಪಕ್ಕದ ಮಕ್ಕಳನ್ನೇ ನೋಡಿ, ಒಂದು ವರ್ಷದೊಳಗಿನವರಿಗೆ 50, ಅದಕ್ಕಿಂತ ದೊಡ್ಡವರಿಗೆ 40 ಎಂದು ಬೇರೆ ಬೇರೆ ಗಡಿ ಬೇಕೆಂದು ತೋರಿಸಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಹಳ್ಳಿಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ನ್ಯುಮೋನಿಯಾ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. ಅದರಿಂದ ಮಕ್ಕಳ ಸಾವು ಇಳಿದದ್ದನ್ನು 1990ರಲ್ಲಿ ಪ್ರಕಟಿಸಿದರು. ಓದು ಬರಹ ಬಾರದವರೂ ಲೆಕ್ಕ ತಪ್ಪದಂತೆ ಎಣಿಸಲಿ ಎಂದು ಮಣಿಗಳಿರುವ ಸಾಧನವನ್ನೇ ಮಾಡಿಸಿದ್ದರು. ಎಣಿಕೆಯನ್ನು ಅವರು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು. ನಾವೂ ತೆಗೆದುಕೊಳ್ಳಬೇಕು.

ಎಣಿಸುವ ಮೊದಲು ನೋಡಬೇಕಾದ್ದು ಬೇರೆ ಇದೆ. ಮಗು ಹಾಲು ಕುಡಿಯಲಾರದೆ ಇದ್ದರೆ, ಕೊಟ್ಟದ್ದೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಮಂಕಾಗಿ ಎಬ್ಬಿಸಿದರೂ ಕಣ್ಣು ತೆರೆಯದಿದ್ದರೆ, ಸುಮ್ಮನಿರುವಾಗಲೂ ಉಸಿರು ಎಳೆದಾಗ ಗೊರಗೊರ ಕರ್ಕಶ ಸದ್ದು ಬರುತ್ತಿದ್ದರೆ, ಆ ಮಗು ಅಧ್ಯಯನದ್ದಲ್ಲ. ಆಕ್ಸಿಜನ್ ಮತ್ತು ಆಸ್ಪತ್ರೆ ಮೊದಲು. ಸಮ್ಮತಿ ಪತ್ರವನ್ನು ಕೈಗೆತ್ತಿಕೊಳ್ಳಲೇಬಾರದು. ಸ್ಕ್ರೀನಿಂಗ್ ಫಾರ್ಮಿನ ಮೊದಲ ಸಾಲಿನಲ್ಲೇ ಈ ಐದು ಪ್ರಶ್ನೆ ಇರಲಿ, ಕೊನೆಯ ಪುಟದಲ್ಲಲ್ಲ.

ಈಗ ಎಣಿಕೆ. ಮಗು ತಾಯಿಯ ಮಡಿಲಲ್ಲೇ ಇರಲಿ. ಮೇಜಿನ ಮೇಲೆ ಮಲಗಿಸಿದರೆ ಹೆಚ್ಚಿನ ಮಕ್ಕಳು ಅಳುತ್ತಾರೆ, ಅತ್ತರೆ ಎಣಿಕೆ ಮುಗಿಯಿತು. ಕೆಮ್ಮು ನೆಗಡಿ ಎಂದು ತಂದ ಕೂಸಿಗೆ ಕುಲಾವಿ, ಎರಡು ಅಂಗಿ, ಮೇಲೆ ಸ್ವೆಟರ್, ಅದರ ಮೇಲೆ ಟವೆಲ್ ಸುತ್ತಿರುತ್ತಾರೆ. ಕುಲಾವಿ ಬಿಡಿ, ಅದರಿಂದ ತೊಂದರೆಯಿಲ್ಲ. ಅಂಗಿಯನ್ನು ಮಾತ್ರ ತಾಯಿಯ ಕೈಯಿಂದಲೇ ಮೇಲೆತ್ತಿಸಿ, ಎದೆಗೂಡಿನ ಕೆಳ ಅಂಚು ಮತ್ತು ಹೊಟ್ಟೆ ಎರಡೂ ಕಾಣಬೇಕು. ಅಪರಿಚಿತರ ತಣ್ಣನೆಯ ಕೈ ತಾಗಿದರೆ ಮಗು ಬೆಚ್ಚುತ್ತದೆ. ಎತ್ತಿಸಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಕಾಯಿರಿ, ತಾಯಿಯ ಜೊತೆ ಊರಿನ ಮಾತಾಡಿ. ಮಗುವಿನ ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಡಿ. ಬೆಳಕು ಪಕ್ಕದ ಕಿಟಕಿಯಿಂದ ಬಂದರೆ ಹೊಟ್ಟೆಯ ಏರಿಳಿತದ ನೆರಳು ಬೀಳುತ್ತದೆ, ಎಣಿಸಲು ಸುಲಭ. ತಲೆಯ ಮೇಲಿನ ಟ್ಯೂಬ್‌ಲೈಟಿನ ಕೆಳಗೆ ಅದೇ ಹೊಟ್ಟೆ ಚಪ್ಪಟೆಯಾಗಿ ಕಾಣುತ್ತದೆ.

ಒಂದೇ ಜಾಗವನ್ನು ಆರಿಸಿಕೊಳ್ಳಿ, ಹೊಕ್ಕುಳ ಮತ್ತು ಎದೆಗೂಡಿನ ನಡುವಿನ ಭಾಗ ಒಳ್ಳೆಯದು. ಒಮ್ಮೆ ಏರಿ ಒಮ್ಮೆ ಇಳಿದರೆ ಒಂದು. ಏರಿಕೆಗೊಂದು ಇಳಿಕೆಗೊಂದು ಎಂದು ಎಣಿಸಿ 80, 90 ಬರೆಯುವವರು ಪ್ರತಿ ತರಬೇತಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಕೈಗಡಿಯಾರವಾದರೆ ಅದನ್ನು ಮಗುವಿನ ಹೊಟ್ಟೆಯ ಪಕ್ಕದಲ್ಲೇ ಹಿಡಿಯಿರಿ, ಎರಡೂ ಒಂದೇ ನೋಟಕ್ಕೆ ಸಿಗಬೇಕು. ಕಣ್ಣು ಗೋಡೆ ಗಡಿಯಾರಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಉಸಿರು ಕಳೆದಿರುತ್ತದೆ. ಉಸಿರು ಎಣಿಸಲೆಂದೇ ಮಾಡಿದ ಯುನಿಸೆಫ್‌ನ ಎ.ಆರ್.ಐ. ಟೈಮರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದು ಅರ್ಧ ನಿಮಿಷಕ್ಕೆ ಒಮ್ಮೆ ಬೀಪ್ ಮಾಡುತ್ತದೆ, ಅಲ್ಲೇ ನಿಲ್ಲಿಸಿ ಎರಡರಿಂದ ಗುಣಿಸುವ ಆಸೆ ಹುಟ್ಟುವುದು ಅಲ್ಲಿಂದಲೇ.

30 ಸೆಕೆಂಡ್ ಎಣಿಸಿ ಗುಣಿಸಿದರೆ ಏನು ತಪ್ಪು ಎಂದು ಕೇಳುವವರಿಗೆ ಎರಡು ಉತ್ತರ. ಒಂದು ಉಸಿರು ತಪ್ಪಿದರೆ ಅದು ಎರಡಾಗಿ ಬರೆಯಲ್ಪಡುತ್ತದೆ, 48 ಇರಬೇಕಾದ ಮಗು 50 ಆಗಿ ಆಂಟಿಬಯೋಟಿಕ್ ಪಡೆಯುತ್ತದೆ. ಎರಡನೆಯದು ಎಳೆ ಕೂಸುಗಳದ್ದು: ಅವು ಒಂದೇ ಸಮ ಉಸಿರಾಡುವುದಿಲ್ಲ. ಐದಾರು ಸೆಕೆಂಡ್ ನಿಂತು, ಆಮೇಲೆ ಬಿರುಸಾಗಿ ಉಸಿರಾಡಿ, ಮತ್ತೆ ನಿಧಾನವಾಗುತ್ತವೆ. ನಿಮ್ಮ 30 ಸೆಕೆಂಡ್ ಬಿರುಸಿನ ಭಾಗಕ್ಕೆ ಬಿದ್ದರೆ ಒಂದು ಕಥೆ, ನಿಂತ ಭಾಗಕ್ಕೆ ಬಿದ್ದರೆ ಇನ್ನೊಂದು. ಅದಕ್ಕೇ 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಪೂರ್ತಿ ನಿಮಿಷ ಎಣಿಸಬೇಕು ಎಂಬ ನಿಯಮ ಇರುವುದು.

ಹಾಲು ಕುಡಿಯುವಾಗ ಎಣಿಸಬೇಡಿ. ಕುಡಿದು ಮುಗಿಯಲಿ, ಸ್ವಲ್ಪ ಸಾವರಿಸಿಕೊಳ್ಳಲಿ. ನಿದ್ದೆಯಲ್ಲಿ ಎಣಿಸಬಹುದು, ಆದರೆ ಅದನ್ನು ಫಾರ್ಮಿನಲ್ಲಿ ಬರೆಯಲೇಬೇಕು, ಏಕೆಂದರೆ ಎಚ್ಚರದ ಎಣಿಕೆಗೂ ನಿದ್ದೆಯ ಎಣಿಕೆಗೂ ವ್ಯತ್ಯಾಸ ಇರುತ್ತದೆ. ಮೊದಲ ದಿನ ಎಚ್ಚರ, ಮೂರನೇ ದಿನ ನಿದ್ದೆ ಆಗಿಬಿಟ್ಟರೆ ಔಷಧಿ ಕೆಲಸ ಮಾಡಿತೆಂದು ಸುಳ್ಳೇ ಕಾಣುತ್ತದೆ. ಜ್ವರದಿಂದಲೂ ಉಸಿರು ಏರುತ್ತದೆ, ಆದ್ದರಿಂದ ಎಣಿಕೆಯ ಹೊತ್ತಿನಲ್ಲೇ ತಾಪಮಾನವನ್ನೂ, ಪ್ಯಾರಾಸಿಟಮಾಲ್ ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಯಿರಿ. ಮೂಗು ಕಟ್ಟಿದ್ದರೆ ಮೊದಲು ಮೆತ್ತನೆಯ ಬಟ್ಟೆಯಿಂದ ಒರೆಸಿಸಿ.

ನ್ಯುಮೋನಿಯಾದ ಇನ್ನೊಂದು ಗುರುತಾದ ಪಕ್ಕೆ ಸೆಳೆತ ನೋಡುವಲ್ಲಿ ತಪ್ಪು ಬೇರೆ ಬಗೆಯದು. ಉಸಿರು ಒಳಗೆ ಎಳೆದಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಹೋಗಬೇಕು, ಪ್ರತಿ ಉಸಿರಿಗೂ ಹೋಗಬೇಕು, ಮಗು ಸುಮ್ಮನಿರುವಾಗಲೂ ಹೋಗಬೇಕು. ಪಕ್ಕೆಲುಬುಗಳ ನಡುವಿನ ಚರ್ಮ ಮಾತ್ರ ಒಳಸರಿದರೆ ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗು ಸೊಂಟದಲ್ಲಿ ಬಗ್ಗಿ ಕುಳಿತಿದ್ದರೆ ಏನೂ ಸರಿಯಾಗಿ ಕಾಣದು, ತಾಯಿಯ ತೊಡೆಯ ಮೇಲೆ ನೇರ ಮಲಗಿಸಿ ನೋಡಿ.

ಗೂರು ಇರುವ ಮಕ್ಕಳ ವಿಷಯದಲ್ಲಿ ಅವಸರ ಮಾಡಿದರೆ ಇಡೀ ಅಧ್ಯಯನ ಬೇರೆ ರೋಗದ್ದಾಗಿಬಿಡುತ್ತದೆ. ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು ಇದ್ದರೆ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಮೂಲಕ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು, 15–20 ನಿಮಿಷದ ಅಂತರದಲ್ಲಿ ಬೇಕಾದರೆ ಮೂರು ಸಲದವರೆಗೂ ಕೊಟ್ಟು, ಆಮೇಲೆ ಮತ್ತೆ ಎಣಿಸಬೇಕು, ಪಕ್ಕೆ ಸೆಳೆತವನ್ನೂ ಮತ್ತೆ ನೋಡಬೇಕು. ಎಷ್ಟೋ ಮಕ್ಕಳಲ್ಲಿ ಎರಡೂ ಇಳಿದುಹೋಗುತ್ತವೆ. ಇದಕ್ಕೆ ಒಂದು ಗಂಟೆ ಬೇಕು, ಹೊರರೋಗಿ ವಿಭಾಗದ ಸಾಲು ಬಾಗಿಲಾಚೆ ಹೋಗಿರುತ್ತದೆ, ತಾಯಿಗೆ ಮಧ್ಯಾಹ್ನದ ಬಸ್ಸು ತಪ್ಪುವ ಚಿಂತೆ. ಆ ಒಂದು ಗಂಟೆಗೆ ಕುಳಿತುಕೊಳ್ಳುವ ಜಾಗ, ನೀರು, ಮನೆಗೆ ಹೋಗುವ ದಾರಿ ಖರ್ಚು ಇವನ್ನು ಬಜೆಟ್ಟಿನಲ್ಲೇ ಹಾಕಿಡಿ, ಪ್ರೋಟೋಕಾಲಿನಲ್ಲಿ ಬರೆದರಷ್ಟೇ ಸಾಲದು.

ಪಲ್ಸ್ ಆಕ್ಸಿಮೀಟರ್ ಬಂದ ಮೇಲೆ ಎಣಿಕೆ ಬೇಡ ಎನ್ನುವವರಿದ್ದಾರೆ. ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುವ ಸಾಧನ. ರಕ್ತದ ಆಕ್ಸಿಜನ್ ಮಟ್ಟ 90%ಕ್ಕಿಂತ ಕಡಿಮೆ ಬಂದರೆ ಎಣಿಕೆ ಎಷ್ಟೇ ಇರಲಿ ಮಗುವನ್ನು ಆಸ್ಪತ್ರೆಗೆ ಕಳಿಸಬೇಕು, ಸರಿ. ಆದರೆ ಕೋವಿಡ್ ಕಾಲದಲ್ಲಿ ಕೊಂಡ ದೊಡ್ಡವರ ಬೆರಳಿನ ಕ್ಲಿಪ್ಪನ್ನು ಆರು ತಿಂಗಳ ಕೂಸಿಗೆ ಹಾಕಿದರೆ ಬರುವುದು ಬರೀ ಗೊಂದಲ. ಕೂಸಿಗೆ ಪಾದಕ್ಕೋ ಹೆಬ್ಬೆರಳಿಗೋ ಸುತ್ತುವ ಪ್ರೋಬ್ ಬೇಕು. ಪಾದ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಪರದೆಯ ಮೇಲಿನ ಅಲೆ ಒಂದೇ ಸಮ ಬರುವವರೆಗೂ ಸಂಖ್ಯೆ ಬರೆಯಬೇಡಿ.

ಇನ್ನು ಅಧ್ಯಯನಕ್ಕೆ ಇದೆಲ್ಲ ಏಕೆ ಇಷ್ಟು ಮುಖ್ಯ ಎಂಬುದು. ಭಾರತದ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2,188 ಮಕ್ಕಳಿಗೆ ಅಮಾಕ್ಸಿಸಿಲಿನ್ ಮೂರು ದಿನ ಸಾಕೋ ಐದು ದಿನ ಬೇಕೋ ಎಂದು ನೋಡಿದರು. ಗುಣವಾದವರು 89.5% ಮತ್ತು 89.9%, ಅಂದರೆ ಸಮ ಸಮ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2020ರಲ್ಲಿ ಬಂದ ಅಧ್ಯಯನದಲ್ಲಿ ವೇಗದ ಉಸಿರಾಟ ಮಾತ್ರ ಇದ್ದ ಸುಮಾರು 4,000 ಮಕ್ಕಳಿಗೆ ಅಮಾಕ್ಸಿಸಿಲಿನ್ ಅಥವಾ ಪ್ಲಸೀಬೋ (ಹುಸಿ ಔಷಧಿ) ಕೊಟ್ಟಾಗ, ಚಿಕಿತ್ಸೆ ಫಲಿಸದವರು ಅಮಾಕ್ಸಿಸಿಲಿನ್ ಗುಂಪಿನಲ್ಲಿ 2.6%, ಪ್ಲಸೀಬೋ ಗುಂಪಿನಲ್ಲಿ 4.9%. ವ್ಯತ್ಯಾಸ ಇದೆ, ಆದರೆ ಔಷಧಿ ಇಲ್ಲದೆಯೂ ನೂರಕ್ಕೆ 95 ಮಕ್ಕಳು ಚೇತರಿಸಿಕೊಂಡರು. ವೇಗದ ಉಸಿರಾಟದ ಮಕ್ಕಳಲ್ಲಿ ಹಲವರಿಗೆ ಇರುವುದು ವೈರಸ್, ತಾನೇ ವಾಸಿಯಾಗುವಂಥದ್ದು. ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಬಂದು, 2021ರಲ್ಲಿ ನ್ಯುಮೋಕಾಕಲ್ ಲಸಿಕೆ ದೇಶಾದ್ಯಂತ ವಿಸ್ತರಿಸಿದ ಮೇಲೆ ಬ್ಯಾಕ್ಟೀರಿಯಾದ ಪಾಲು ಇನ್ನೂ ಕುಗ್ಗುತ್ತದೆ.

ಈಗ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನಿಜವಾದ ನ್ಯುಮೋನಿಯಾ ಇರುವ ಮಕ್ಕಳಲ್ಲಿ ಒಂದು ಔಷಧಿ ನೂರಕ್ಕೆ 10ರಲ್ಲಿ ಸೋಲುತ್ತದೆ, ಇನ್ನೊಂದು 20ರಲ್ಲಿ ಸೋಲುತ್ತದೆ, ಅಂತರ 10. ಸಡಿಲ ಎಣಿಕೆಯಿಂದ ಅರ್ಧದಷ್ಟು ಆರೋಗ್ಯವಂತ ಮಕ್ಕಳು ಒಳಗೆ ಬಂದರೆ, ಅವರು ಯಾವ ಗುಂಪಿನಲ್ಲಿದ್ದರೂ ವಾಸಿಯಾಗುತ್ತಾರೆ. ಅಂತರ 5ಕ್ಕೆ ಇಳಿಯುತ್ತದೆ. 'ಎರಡೂ ಔಷಧಿ ಸಮಾನ' ಎಂದು ತೋರಿಸಲು ಹೊರಟ ಅಧ್ಯಯನವಾದರೆ, ಕೆಟ್ಟ ಎಣಿಕೆಯೇ ಅದನ್ನು ಗೆಲ್ಲಿಸಿಬಿಡುತ್ತದೆ. ಇಂಥ ಫಲಿತಾಂಶದಿಂದ ಮಾರ್ಗಸೂಚಿ ಬದಲಾಗಿ, ನಿಜವಾಗಿ ಔಷಧಿ ಬೇಕಿದ್ದ ಮಗುವಿಗೆ ಅದು ಸಿಗದೆ ಹೋಗಬಹುದು. 2019ರಲ್ಲಿ ನ್ಯುಮೋನಿಯಾದಿಂದ ಸತ್ತ ಐದು ವರ್ಷದೊಳಗಿನ ಮಕ್ಕಳು ಜಗತ್ತಿನಲ್ಲಿ 7,40,180. ಹಾಗಾಗಿ ಇದನ್ನು ಬರೀ ದತ್ತಾಂಶದ ಗುಣಮಟ್ಟ ಎಂದು ಕರೆದು ಮುಂದೆ ಹೋಗಲು ನಮ್ಮಿಂದಾಗದು.

ಕೆಟ್ಟ ಎಣಿಕೆ ಸಂಖ್ಯೆಗಳಲ್ಲೇ ಗುರುತು ಬಿಟ್ಟುಹೋಗುತ್ತದೆ. ಪ್ರತಿ ಎರಡು ವಾರಕ್ಕೊಮ್ಮೆ, ಎಣಿಸಿದವರ ಹೆಸರಿನ ಪ್ರಕಾರ, ಎಣಿಕೆಗಳ ಕೊನೆಯ ಅಂಕಿಯನ್ನು ಬೇರ್ಪಡಿಸಿ ನೋಡಿ. ಸೊನ್ನೆಯಿಂದ ಒಂಬತ್ತರವರೆಗೆ ಹೆಚ್ಚುಕಡಿಮೆ ಸಮನಾಗಿ ಬರಬೇಕು. ಬರೀ ಸಮಸಂಖ್ಯೆಗಳಿದ್ದರೆ ಆ ವ್ಯಕ್ತಿ ಅರ್ಧ ನಿಮಿಷ ಎಣಿಸಿ ಗುಣಿಸುತ್ತಿದ್ದಾರೆ, ಬೇರೆ ಸಾಕ್ಷಿ ಬೇಡ. ಸೊನ್ನೆ ಮತ್ತು ಐದು ತುಂಬಿದ್ದರೆ ಅಂದಾಜು. 50, 51, 52 ರಾಶಿ ಬಿದ್ದು 47, 48, 49 ಖಾಲಿ ಇದ್ದರೆ, ಅದು ಸೇರ್ಪಡೆಯ ಗುರಿ ಮುಟ್ಟಬೇಕೆಂಬ ಒತ್ತಡ. ಈ ಕೊನೆಯದಕ್ಕೆ ಕಾರ್ಯಕರ್ತೆಯನ್ನು ಬೈಯುವುದು ಅನ್ಯಾಯ. ತಿಂಗಳಿಗೆ ಇಷ್ಟು ಮಕ್ಕಳು ಎಂದು ಗುರಿ ಹಾಕಿದವರು ಮೇಲೆ ಕುಳಿತವರು.

ಇದನ್ನು ತಡೆಯಲು ಕೆಲಸದ ಜೋಡಣೆಯನ್ನೇ ಬದಲಿಸಬೇಕು. ಎಣಿಸುವವರು ಬೇರೆ, ಸೇರಿಸಿಕೊಳ್ಳುವವರು ಬೇರೆ ಇರಲಿ. ಟ್ಯಾಬ್ಲೆಟ್ ಕಂಪ್ಯೂಟರಿನ ಫಾರ್ಮ್ ಎಣಿಕೆ ದಾಖಲಾಗಿ ಬೀಗ ಬಿದ್ದ ಮೇಲಷ್ಟೇ 'ವೇಗದ ಉಸಿರಾಟ: ಹೌದು/ಇಲ್ಲ' ಎಂದು ತೋರಿಸಲಿ, ಮಗುವಿನ ವಯಸ್ಸಿನ ಗಡಿಸಂಖ್ಯೆ ಪರದೆಯ ಮೇಲೆ ಮೊದಲೇ ಕಾಣಬಾರದು. ಕಾಗದದ ಫಾರ್ಮಾದರೆ ತಪ್ಪಿದ ಸಂಖ್ಯೆಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ, ದಿನಾಂಕ. ವೈಟ್ನರ್ ಮುಟ್ಟಬೇಡಿ. ತರಬೇತಿಯಲ್ಲಿ ಇಬ್ಬರು ಒಂದೇ ಮಗುವನ್ನು ಒಂದೇ ನಿಮಿಷದಲ್ಲಿ, ಒಬ್ಬರದ್ದೊಬ್ಬರಿಗೆ ಕಾಣದಂತೆ ಎಣಿಸಲಿ. ಎರಡು ಉಸಿರಿನೊಳಗಿನ ವ್ಯತ್ಯಾಸ ಒಪ್ಪಬಹುದು, ಅದಕ್ಕಿಂತ ಹೆಚ್ಚಾದರೆ ಮತ್ತೆ ಅಭ್ಯಾಸ. ಮೂರು ತಿಂಗಳಿಗೊಮ್ಮೆ ಇದನ್ನು ಪುನಃ ಮಾಡಿಸಿ, ಏಕೆಂದರೆ ಚೆನ್ನಾಗಿ ಕಲಿತವರ ಎಣಿಕೆಯೂ ಮೆಲ್ಲಗೆ ಜಾರುತ್ತದೆ.

ಸಮ್ಮತಿಯ ಬಗ್ಗೆ ಒಂದೇ ಮಾತು. ಅನುವಾದವಾಗಿ ಬಂದ ಪತ್ರದಲ್ಲಿ 'ಯಾದೃಚ್ಛಿಕ ಹಂಚಿಕೆ' ಎಂದಿರುತ್ತದೆ, ಓದಿದವರಿಗೂ ಅರ್ಥವಾಗದು. 'ಚೀಟಿ ಎತ್ತಿದ ಹಾಗೆ, ಯಾವ ಔಷಧಿ ಬರುತ್ತದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ' ಎಂದು ಹೇಳಿ, ಆಮೇಲೆ ತಾಯಿಯನ್ನೇ 'ನಿಮಗೆ ತಿಳಿದದ್ದನ್ನು ನಮಗೆ ಹೇಳಿ, ಅಮ್ಮ' ಎಂದು ಕೇಳಿ. ಹೆಬ್ಬೆಟ್ಟು ಒತ್ತುವವರಿದ್ದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಪೂರ್ತಿ ಹೊತ್ತು ಪಕ್ಕದಲ್ಲಿರಬೇಕು, ಸಹಿಗಷ್ಟೇ ಕರೆದರೆ ಆಗದು.

ಮನೆಗೆ ಕಳಿಸುವಾಗ 250 ಮಿ.ಗ್ರಾಂ.ನ ನೀರಲ್ಲಿ ಕರಗುವ ಅಮಾಕ್ಸಿಸಿಲಿನ್ ಮಾತ್ರೆ ಕೊಡುತ್ತೀರಿ. 4ರಿಂದ 10 ಕೆ.ಜಿ.ಯೊಳಗಿನ ಮಗುವಿಗೆ ಒಂದೊಂದು, 10ರಿಂದ 14 ಕೆ.ಜಿ.ಯೊಳಗೆ ಎರಡೆರಡು, ದಿನಕ್ಕೆ ಎರಡು ಹೊತ್ತು. ಮೊದಲ ಡೋಸನ್ನು ನಿಮ್ಮ ಎದುರಿಗೇ ತಾಯಿಯ ಕೈಯಿಂದ ಚಮಚದಲ್ಲಿ ಕರಗಿಸಿ ಕುಡಿಸಿ, ಅರ್ಧ ಗಂಟೆ ಕೂರಿಸಿ. ವಾಂತಿಯಾದರೆ ಮತ್ತೆ ಕೊಡಿ. ಮರುಭೇಟಿಯ ದಿನ ತಾಯಿ ಬಾರದಿದ್ದರೆ ಅದನ್ನು 'ಸಂಪರ್ಕ ತಪ್ಪಿದೆ' ಎಂದು ಬರೆದು ಮುಗಿಸಬೇಡಿ. ಮಗು ಹುಷಾರಾದ್ದರಿಂದ ಬಾರದಿರಬಹುದು, ಬೇರೆ ಆಸ್ಪತ್ರೆಗೆ ಸೇರಿಸಿದ್ದರಿಂದಲೂ ಬಾರದಿರಬಹುದು, ಫಲಿತಾಂಶಕ್ಕೆ ಇವೆರಡೂ ತದ್ವಿರುದ್ಧ. ಫೋನ್ ಮಾಡಿ, ಸಿಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಅಂದೇ ಸಂಜೆಯೊಳಗೆ ಒಬ್ಬರು ಟೈಮರ್ ಹಿಡಿದು ಮನೆಗೆ ಹೋಗಿ, ಅಂಗಿ ಎತ್ತಿಸಿ, ಪೂರ್ತಿ ಒಂದು ನಿಮಿಷ ಎಣಿಸಿ ಬರಲಿ.