ಸಿಬಿಲ್ ಕೆಟ್ಟ ಮೇಲೆ ಮನೆ ಸಾಲ ಬದಲಿಸಿದ್ದು

ಮನೆ ಸಾಲವನ್ನು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ ಬ್ಯಾಂಕಿಗೆ ವರ್ಗ ಮಾಡಿಸಿದೆವು ಅಂತ ಭಿಶಿ (ಚೀಟಿ) ಗುಂಪಿನಲ್ಲಿ ಹೇಳಿದ್ದೇ ತಡ, ಎಲ್ಲರದೂ ಒಂದೇ ಪ್ರಶ್ನೆ. "ನಿಮ್ಮ ಪ್ರೆಸ್ ಮುಳುಗಿತ್ತಲ್ರಿ, ಬ್ಯಾಂಕಿನವ್ರು ಹೆಂಗ ಕೊಟ್ರು?" ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡುತ್ತೇನೆ.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಬೆಟಗೇರಿಯಲ್ಲಿ ನಮ್ಮದೂ ಒಂದು ಸಣ್ಣ ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್. 2018ರಲ್ಲಿ ಸಾಲ ಮಾಡಿ ಆಫ್‌ಸೆಟ್ ಮಶೀನ್ ತಂದೆವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಸರಿಯಾಗಿ ಮದುವೆ ಸೀಸನ್ನಿಗೆ. ಮರುವರ್ಷ ಅದೇ ಹೊತ್ತಿಗೆ ಎರಡನೇ ಅಲೆ. ಛಾಪಿಸಿಟ್ಟ ಪತ್ರಿಕೆ ಒಯ್ಯಲಿಕ್ಕೂ ಜನ ಬರಲಿಲ್ಲ. ಲಗ್ನದ ತಾರೀಖೇ ಮುಂದೆ ಹೋದ ಮೇಲೆ ಆ ಪತ್ರಿಕೆ ರದ್ದಿಗೆ ಅಷ್ಟೇ. 2020ರ ಆಗಸ್ಟ್‌ವರೆಗೆ ಕಂತು ಮುಂದೂಡಲು ಆರ್‌ಬಿಐ ಅವಕಾಶ ಕೊಟ್ಟಿತ್ತು, ಆದರೆ ಬಡ್ಡಿ ಏನೂ ನಿಂತಿರಲಿಲ್ಲವಲ್ಲ.

ಪಾಪರ್ ಚೀಟಿ (ದಿವಾಳಿ ಅಂತ ಕೋರ್ಟಿನ ಆದೇಶ) ತಗೊಂಡುಬಿಡೋಣ ಅಂತ ನಮ್ಮ ಮನೆಯವರು ವಕೀಲರ ಹತ್ತಿರ ಹೋಗಿದ್ದರು. 2016ರ ಹೊಸ ದಿವಾಳಿ ಕಾಯ್ದೆ ನಮ್ಮಂಥ ಸಾಮಾನ್ಯ ಸಾಲಗಾರರಿಗೆ ಇನ್ನೂ ಜಾರಿಯಾಗಿಲ್ಲ, 1920ರ ಹಳೇ ಕಾಯ್ದೆಯಲ್ಲೇ ಕೋರ್ಟಿಗೆ ಅರ್ಜಿ ಹಾಕಬೇಕು ಅಂದರಂತೆ. ಹಾಕಿದರೂ ಅಡ ಇಟ್ಟ ಮನೆಯ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೇ ಇರುತ್ತದೆ. ಮತ್ತೇನು ಉಪಯೋಗ? ಮಶೀನ್ ಮಾರಿದೆವು. 2022ರಲ್ಲಿ ಮಶೀನ್ ಸಾಲದ 4 ಲಕ್ಷ ಬಾಕಿಗೆ 2.2 ಲಕ್ಷ ಕಟ್ಟಿ ಸೆಟ್ಲ್‌ಮೆಂಟ್ ಮಾಡಿಕೊಂಡೆವು. ಮನೆ ಮುಂದೆ ವಸೂಲಿಯವರ ಬೈಕ್ ನಿಲ್ಲುವುದು ತಪ್ಪಿತು. ಆಗ ಅದೇ ದೊಡ್ಡದು.

ಒಂದು ವಿಷಯಕ್ಕೆ ಮಾತ್ರ ನಾನು ಹಟ ಹಿಡಿದಿದ್ದೆ. ಏನೇ ಆಗಲಿ, ಮನೆ ಕಂತು ತಪ್ಪಬಾರದು. ಬೇರೆಯವರ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದ್ದೇ ಅದಕ್ಕೆ.

ಆ ಮನೆ ಸಾಲದ ಕಥೆಯನ್ನೂ ಹೇಳಬೇಕು. 2017ರಲ್ಲಿ 16.5 ಲಕ್ಷ, 20 ವರ್ಷಕ್ಕೆ. ಪ್ರೆಸ್ಸಿನ ವ್ಯವಹಾರ ಎಲ್ಲ ರೋಖ, ಐಟಿ ರಿಟರ್ನ್ಸ್ ತೆಳ್ಳಗೆ. ಬ್ಯಾಂಕಿನವರು ಹತ್ತಿರ ಸೇರಿಸಲಿಲ್ಲ. ಹೌಸಿಂಗ್ ಫೈನಾನ್ಸಿನವರು ಕೊಟ್ಟರು, 12.75 ಬಡ್ಡಿಗೆ. ಕಂತು ತಿಂಗಳಿಗೆ 19 ಸಾವಿರ. ಎಂಟು ವರ್ಷದಲ್ಲಿ 18 ಲಕ್ಷದ ಮೇಲೆ ಕಟ್ಟಿದ್ದೇವೆ. ಅಸಲು ಇಳಿದಿದ್ದು ಎಷ್ಟು ಗೊತ್ತಾ? ಬರೀ ಎರಡೂವರೆ ಲಕ್ಷ! ಸ್ಟೇಟ್‌ಮೆಂಟ್ ನೋಡಿ ನಮ್ಮ ಅತ್ತೆ "ಇದೇನು ಸಾಲಾನೋ, ಬಾಡಿಗೀನೋ?" ಅಂದರು.

2025ರಲ್ಲಿ ರೆಪೋ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಇಳಿಯತೊಡಗಿತು. ಫೆಬ್ರವರಿಗೆ ಮುಂಚೆ 6.50 ಇದ್ದದ್ದು ಜೂನ್ ಹೊತ್ತಿಗೆ 5.50 ಆಗಿತ್ತು. ಬ್ಯಾಂಕಿನ ಮನೆ ಸಾಲದ ಬಡ್ಡಿ ಅದರ ಜೊತೆಗೇ ಇಳಿಯುತ್ತದೆ. ನಮ್ಮದು ಇದ್ದಲ್ಲೇ ಇತ್ತು. ಆಗ ಸಿಬಿಲ್ ರಿಪೋರ್ಟ್ ತೆಗೆಸಿದೆವು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಎಲ್ಲರ ಸಾಲದ ದಾಖಲೆ ಇಡುವ ನಾಲ್ಕು ಕಂಪನಿ ಇವೆ. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ದುಡ್ಡು ಕೊಟ್ಟು ಯಾಕೆ ತಗೋತೀರಿ?

ಆ ರಿಪೋರ್ಟಿನಲ್ಲಿ ಪ್ರತಿ ಸಾಲಕ್ಕೂ ತಿಂಗಳು ತಿಂಗಳಿನ ಚೌಕಗಳಿರುತ್ತವೆ. ಕಂತು ಎಷ್ಟು ದಿನ ತಡವಾಯಿತು ಅಂತ ಪ್ರತಿ ಚೌಕದಲ್ಲಿ ಒಂದು ಅಂಕಿ. ಮಶೀನ್ ಸಾಲದ ಸಾಲಿನಲ್ಲಿ 030, 060, 090, ಹಾಗೇ ಏರುತ್ತಾ ಹೋಗಿತ್ತು. ಕೊನೆಗೆ 'ಸೆಟ್ಲ್ಡ್'. ಗ್ಯಾರಂಟಿಗೆ ಸಹಿ ಮಾಡಿದ್ದಕ್ಕೆ ನನ್ನ ರಿಪೋರ್ಟಿನಲ್ಲೂ ಅದೇ. ಮನೆ ಸಾಲದ ಸಾಲಿನಲ್ಲಿ ಮಾತ್ರ ಉದ್ದಕ್ಕೂ 000.

ಸೆಟ್ಲ್ಡ್ ಅಂದರೆ ಸಾಲ ಮುಗಿಯಿತು ಅಂತ ನಾವು ತಿಳಿಯುತ್ತೇವೆ. ಬ್ಯಾಂಕಿನವರು ಅದನ್ನು ಓದುವುದೇ ಬೇರೆ: ಇವರು ಪೂರ್ತಿ ಕಟ್ಟಿಲ್ಲ, ಯಾರೋ ನಷ್ಟ ಹೊತ್ತಿದ್ದಾರೆ. ಮೊದಲು ಹೋದ ಬ್ಯಾಂಕಿನಲ್ಲಿ ಕಂಪ್ಯೂಟರ್ ನೋಡಿಯೇ ಆಗಲ್ಲ ಅಂದರು.

ಅಷ್ಟರಲ್ಲಿ ಒಬ್ಬ ಏಜೆಂಟ್ ಗಂಟುಬಿದ್ದ. "ಅಕ್ಕಾರ, 15 ಸಾವಿರ ಕೊಡ್ರಿ, ತಿಂಗಳೊಳಗ ಸಿಬಿಲ್ ಕ್ಲೀನ್ ಮಾಡಿಸಿಕೊಡ್ತೀನಿ." ಸಾಲ ಕೊಟ್ಟವರು ಕಳಿಸಿದ ಮಾಹಿತಿಯನ್ನು ಅವರೇ ತಿದ್ದಿ ಕಳಿಸಬೇಕು. ಇವನೇನು ಕ್ಲೀನ್ ಮಾಡುತ್ತಾನೆ, ಅಲ್ವಾ? ಇಂಥವರನ್ನು ಹೊಸ್ತಿಲ ಹೊರಗೇ ಕಳಿಸಿ.

ನಾವು ಮಾಡಿದ್ದು ಇಷ್ಟು. ಆಗ ಬಿಟ್ಟುಕೊಟ್ಟ 1.8 ಲಕ್ಷ ಈಗ ಕಟ್ಟಿದರೆ ಖಾತೆಯನ್ನು 'ಕ್ಲೋಸ್ಡ್' ಮಾಡುತ್ತೀರಾ ಅಂತ ಮಶೀನ್ ಸಾಲ ಕೊಟ್ಟವರಿಗೆ ಪತ್ರ ಬರೆದೆವು. ಒಪ್ಪಿಗೆ ಲಿಖಿತದಲ್ಲಿ ಬಂದ ಮೇಲೇ ದುಡ್ಡು ಕಟ್ಟಿದ್ದು. ಸ್ವಲ್ಪ ಭಿಶಿ ದುಡ್ಡು, ಸ್ವಲ್ಪ ಸೊಸೈಟಿಯಲ್ಲಿ ಬಂಗಾರ ಇಟ್ಟಿದ್ದು. (ದೇಶದ ಮೊದಲ ಸಹಕಾರಿ ಸಂಘ ಅಂತ ಹೆಸರಾದದ್ದು 1905ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ. ಗದಗಿನವರಿಗೆ ಕಷ್ಟ ಬಂದರೆ ಸೊಸೈಟಿಯೇ ಮೊದಲು ನೆನಪಾಗುವುದು.) ನೋ ಡ್ಯೂಸ್ (ಬಾಕಿ ಇಲ್ಲ) ಪತ್ರ ಕೈಗೆ ಬಂತು, ರಿಪೋರ್ಟ್ ಬದಲಾಗಲಿಲ್ಲ. ದೂರು ಹಾಕಿದೆ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. ದೂರಿನಲ್ಲಿ ಅದನ್ನೂ ಬರೆದೆ. ಗಡುವಿನೊಳಗೇ ಸರಿಯಾಯಿತು.

ಹಳೇ 090 ಎಲ್ಲ ಹಾಗೇ ಇವೆ, ದುಡ್ಡು ಕಟ್ಟಿದ ಮಾತ್ರಕ್ಕೆ ಅವು ಅಳಿಸುವುದಿಲ್ಲ. ಆದರೂ ಇನ್ನೊಂದು ಬ್ಯಾಂಕಿನ ಮ್ಯಾನೇಜರ್ ಕಾಗದವನ್ನು ಕೈಯಲ್ಲಿ ಹಿಡಿದು ಓದಿದರು. 000 ಇದ್ದ ಸಾಲಿನ ಮೇಲೆ ಪೆನ್ನು ಆಡಿಸುತ್ತಾ, "ಮೇಡಂ, ಲಾಕ್‌ಡೌನ್‌ನಾಗೂ ಇದನ್ನ ಕಟ್ಟೀರಿ?" ಅಂದರು. ಪ್ರೆಸ್ ಯಾಕೆ ನಿಂತಿತು ಅಂತ ಒಂದು ಪತ್ರ ಬರೆಸಿಕೊಂಡರು. ನಮ್ಮವರ ಝೆರಾಕ್ಸ್ ಅಂಗಡಿಯ ಮೂರು ವರ್ಷದ ರಿಟರ್ನ್ಸ್, ನನ್ನ ಪಗಾರಿನ ಸ್ಟೇಟ್‌ಮೆಂಟ್ ತಗೊಂಡರು. 9.25ಕ್ಕೆ ಮಂಜೂರಾಯಿತು. ಸ್ಕೋರ್ ಚೆನ್ನಾಗಿದ್ದವರಿಗೆ ಇನ್ನೂ ಕಡಿಮೆ ಸಿಗುತ್ತದೆ, ಇರಲಿ.

ಬಾಕಿ ಲೆಕ್ಕ ಕೇಳಿದ ಕೂಡಲೇ ಹಳೇ ಕಂಪನಿಯವರಿಗೆ ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ. ಬಡ್ಡಿ ಒಂದು ಪರ್ಸೆಂಟ್ ಇಳಿಸುತ್ತೇವೆ ಅಂತ ಫೋನ್ ಮೇಲೆ ಫೋನ್. ಇಷ್ಟು ವರ್ಷ ಎಲ್ಲಿದ್ದರೋ! ಬದಲಾಗುವ ಬಡ್ಡಿಯ ಮನೆ ಸಾಲವನ್ನು ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ, ಹಾಗಾಗಿ ಅದರ ಚಿಂತೆ ಇರಲಿಲ್ಲ. ಸಾಲ ತೀರಿದ 30 ದಿನದೊಳಗೆ ಮೂಲ ಕಾಗದ ವಾಪಸ್ ಕೊಡಬೇಕು, ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ. ಈ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಜಾಸ್ತಿ ಓಡಾಡಿಸಿದ್ದು ಉತಾರದಲ್ಲಿ (ಮನೆಯ ಹಕ್ಕಿನ ದಾಖಲೆ) ಹಳೇ ಬೋಜಾ, ಅಂದರೆ ಸಾಲದ ನಮೂದು, ಕಡಿಮೆ ಮಾಡಿಸಿ ಹೊಸದು ಏರಿಸುವ ಕೆಲಸ. ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ, ನೋಂದಣಿ ಅಂತ ಕೈಯಿಂದಲೂ ಒಂದಿಷ್ಟು ಹೋಗುತ್ತದೆ. ಮೊದಲೇ ತೆಗೆದಿಟ್ಟಿರಿ.

ಈಗ ಕಂತು 16,100 ಚಿಲ್ಲರೆ. ಮೊದಲಿನ ಹಾಗೇ 19 ಸಾವಿರ ಕಟ್ಟಿದರೆ ಉಳಿದ ಹನ್ನೆರಡು ವರ್ಷ ಒಂಬತ್ತಕ್ಕೆ ಇಳಿಯುತ್ತದೆ ಅಂತ ನನ್ನ ಲೆಕ್ಕ. ನಮ್ಮವರಿಗೆ ಆ 2,900ರಲ್ಲಿ ಅಂಗಡಿಗೆ ಲ್ಯಾಮಿನೇಶನ್ ಮಶೀನ್ ಬೇಕಂತೆ, ಅದೂ ಕಂತಿನ ಮೇಲೆ. ನಾನಿನ್ನೂ ಹೂಂ ಅಂದಿಲ್ಲ.