ಶರಣರ ಪಾಲಿನ ಗಡಿಗೆ

ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಈ ವರ್ಷ ಮೊದಲ ಸಲ ಆಯಿ, ಅಂದರೆ ಅಪ್ಪನ ಅವ್ವ, ಇಲ್ಲದೆ ಹೋದೆ. ಅವಳು ಕೂಡಿಟ್ಟ ಜೋಳದ ಗಂಟು ಮಾತ್ರ ಜೊತೆಗಿತ್ತು.

ಬೀಸುವ ಕಲ್ಲಿನ ಮುಂದೆ ಕೂರುವ ಮೊದಲು ಮೊರದಿಂದ ಒಂದು ಹಿಡಿ ಜೋಳ ತೆಗೆದು, ಹಣೆಗೆ ಒತ್ತಿಕೊಂಡು, ಒಲೆಯ ಹಿಂದಿನ ಗಡಿಗೆಗೆ ಹಾಕುವುದು ಆಯಿಯ ನೇಮ. ಊರಿಗೆ ಗಿರಣಿ ಬಂದ ಮೇಲೂ ಡಬ್ಬಿ ಹೊಸ್ತಿಲು ದಾಟುವ ಮೊದಲು ಅವಳ ಹಿಡಿ ಬೀಳಲೇಬೇಕು. ಅದು ಶರಣರ ಪಾಲು. ಜಾತ್ರೆಗೆ ಹೋದಾಗ ದಾಸೋಹಕ್ಕೆ ಸೇರುವ ಜೋಳ. ಜಾತ್ರೆ ಮುಗಿದ ವಾರ ಬರಿದಾದ ಗಡಿಗೆಯಲ್ಲಿ ಮಾಲದಂಡಿ ಜೋಳದ ಕಾಳುಗಳು ಝಲ್ಲೆಂದು ಸದ್ದು ಮಾಡುತ್ತಿದ್ದವು. ಶ್ರಾವಣಕ್ಕೆ ಆ ಸದ್ದು ಮೆತ್ತಗಾಗುತ್ತಿತ್ತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಬರುವ ಹೊತ್ತಿಗೆ ಕಾಳು ಕಾಳಿನ ಮೇಲೆ ಬಿದ್ದು ಸದ್ದೇ ಇರುತ್ತಿರಲಿಲ್ಲ. ತೇರು ಹತ್ತಿರ ಬಂತೆಂದು ಮಕ್ಕಳಾದ ನಮಗೆ ತಿಳಿಯುತ್ತಿದ್ದದ್ದು ಹಾಗೆ. ಇಂದಿಗೂ ಯಾರ ಮನೆಯಲ್ಲಾದರೂ ಜೋಳ ಸುರಿದರೆ ನನ್ನ ಕಿವಿ ಅತ್ತಲೇ ತಿರುಗುತ್ತದೆ.

1972ರ ಬರದಲ್ಲಿ ಮನೆಯವರಿಗೇ ರೊಟ್ಟಿ ಸಾಲದ ದಿನಗಳಲ್ಲೂ ಆಯಿ ಹಿಡಿ ತಪ್ಪಿಸಲಿಲ್ಲವಂತೆ. ಆಗ ಹುಡುಗನಾಗಿದ್ದ ಅಪ್ಪ ಹಸಿವು ತಡೆಯದೆ ಆ ಗಡಿಗೆಯತ್ತ ಬೆರಳು ತೋರಿಸಿದಾಗ, ‘ಅದು ನಮ್ಮದಲ್ಲ, ಮಗಾ’ ಎಂದು ತನ್ನ ತಾಟಿನ ಅರ್ಧ ರೊಟ್ಟಿಯನ್ನು ಅವನಿಗೆ ಹಾಕಿದಳಂತೆ. ಅಪ್ಪ ಇದನ್ನು ಹೇಳುವಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತದೆ.

ತಾವು ಹುಟ್ಟಿದ ಅರಳಗುಂಡಗಿಯ ಹೊಲದಲ್ಲಿ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಟ್ಟ ಶರಣರ ಕಥೆ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಆಯಿಗೆ ಅದು ಬರೀ ಕಥೆಯಾಗಿರಲಿಲ್ಲ. ಮೊರದಿಂದ ಅಂಗಳಕ್ಕೆ ಚೆಲ್ಲಿದ ಕಾಳನ್ನು ಗುಬ್ಬಿಗಳು ಬಂದುಹೋಗುವ ತನಕ ಗುಡಿಸಲು ಬಿಡುತ್ತಿರಲಿಲ್ಲ.

ಜಾತ್ರೆಗೆ ಹೋಗುವಾಗ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ ಬಂದಾಗ ಆಯಿ ಭೀಮಾ ನದಿಗೆ ಕೈ ಮುಗಿಯುತ್ತಿದ್ದಳು. ಗುಡಿಯಲ್ಲಿ ಗುರು ಮರುಳಾರಾಧ್ಯರು ಮತ್ತು ಶರಣರ ಜೋಡಿ ಮೂರ್ತಿಯ ಮುಂದೆ ನಿಂತರೆ ಏನನ್ನೂ ಬೇಡುತ್ತಿರಲಿಲ್ಲ. ನಾನು ಪರೀಕ್ಷೆ, ನೌಕರಿ, ಮಗುವಿನ ಜ್ವರ ಎಂದು ಪಟ್ಟಿ ಹಿಡಿದು ನಿಂತವಳು. ನನಗೂ ಸೇರಿಸಿ ಬೇಡಿಕೋ ಎಂದರೆ, ‘ಕೊಟ್ಟದ್ದನ್ನು ಮುಟ್ಟಿಸಲು ಬಂದಿದ್ದೇನೆ’ ಎನ್ನುತ್ತಿದ್ದಳು.

ಈಗ ನನ್ನ ಮನೆಗೆ ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ. ಕಾಳೇ ಕೈಗೆ ಬಾರದ ಮನೆಯಲ್ಲಿ ಹಿಡಿ ಎಲ್ಲಿಂದ ತೆಗೆಯುವುದು? ಮೊಬೈಲ್‌ನಲ್ಲಿ ಕಾಣಿಕೆ ಕಳುಹಿಸುವುದು ತಪ್ಪೆಂದು ನಾನು ಹೇಳಲಾರೆ. ಆದರೆ ವರ್ಷಕ್ಕೊಮ್ಮೆ ನೆನಪಾಗಿ ಕೊಡುವುದಕ್ಕೂ, ತಾನು ಉಣ್ಣುವ ಮೊದಲು ಪ್ರತಿ ಸಲವೂ ಯಾರದೋ ಹಸಿವನ್ನು ನೆನೆಯುವುದಕ್ಕೂ ಬಹಳ ಅಂತರವಿದೆ. ತೇರಿನ ದಿನ ಶರಣರ ಪರುಸ ಬಟ್ಟಲನ್ನು ಭಕ್ತರಿಗೆ ಎತ್ತಿ ತೋರಿಸುವ ಗಳಿಗೆಯಲ್ಲೂ ಕೈಗಳೆಲ್ಲ ಮೊಬೈಲ್ ಹಿಡಿದೇ ಇರುತ್ತವೆ, ಮುಗಿಯಲು ಬಿಡುವಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ಕೊನೆಯ ದಿನಗಳಲ್ಲಿ ಪಾರ್ಶ್ವವಾಯು ಬಡಿದು ಆಯಿಯ ಬಲಗೈ ಮಡಚುತ್ತಿರಲಿಲ್ಲ. ಅವ್ವ ಅವಳ ಅಂಗೈಯಲ್ಲಿ ಜೋಳ ಸುರಿದು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿ, ಆ ಕೈಯನ್ನು ಗಡಿಗೆಯ ಬಾಯಿಗೆ ಒಯ್ಯುತ್ತಿದ್ದಳು. ದಾರಿಯಲ್ಲೇ ಅರ್ಧ ಉದುರುತ್ತಿತ್ತು. ಒಳಗೆ ಬಿದ್ದ ಹತ್ತಿಪ್ಪತ್ತು ಕಾಳಿನ ಸದ್ದಿಗೆ ಆಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ದಾಸೋಹದ ಮನೆಯಲ್ಲಿ ಈ ಸಲ ಗಂಟು ಬಿಚ್ಚುವಾಗ ನನ್ನ ಕೈ ನಡುಗಿತು. ಯಾರ ಹೆಸರಿನಲ್ಲಿ ಬರೆಯಲಿ ಎಂದು ಅಲ್ಲಿದ್ದವರು ಕೇಳಿದರು. ಆಯಿ ಎಂದೂ ಹೆಸರು ಬರೆಸಿದವಳಲ್ಲ, ಬೇಡವೆಂದೆ. ಅವರು ಜೋಳವನ್ನು ದೊಡ್ಡ ರಾಶಿಯ ಮೇಲೆ ಸುರಿದರು. ಬಿಳಿ ಕಾಳುಗಳು ಇಳಿಜಾರಿನಲ್ಲಿ ಉರುಳಿ ಊರೂರಿನ ಜೋಳದೊಳಗೆ ಬೆರೆತವು. ಅವಳದು ಯಾವುದೆಂದು ನೋಡುತ್ತಾ ನಿಂತೆ, ಗುರುತು ಸಿಗಲಿಲ್ಲ. ಹೊರಗೆ ತೇರು ಹೊರಟ ಜಯಘೋಷ ಕೇಳಿಸಿತು. ಸೆರಗಿನ ಗಂಟಿನಲ್ಲಿದ್ದ ಉತ್ತತ್ತಿ ಹಿಡಿದುಕೊಂಡು ಓಡಿದೆ.