ಕೊವೆಂಟ್ರಿಯ ಡೀಲಿಯಾ

ಇಂಗ್ಲೆಂಡಿನ ಕೊವೆಂಟ್ರಿಗೆ ಬಂದ ಹೊಸದರಲ್ಲಿ, ಸಂಜೆ ಹೊತ್ತು ಪಕ್ಕದ ಮನೆಯಿಂದ ಒಂದು ರಾಗ ಗೋಡೆ ದಾಟಿ ಬರುತ್ತಿತ್ತು. ಕೆಳಗೆ ದಡದಡ ಓಡುವ ಲಯ, ಮೇಲೆ ಯಾವ ವಾದ್ಯದ್ದೂ ಅಲ್ಲದ ಒಂದು ಕೂಗು. ‘ಡಾಕ್ಟರ್ ಹೂ’ ಅಮ್ಮಾ, ಬಿಬಿಸಿಯ ಟಿವಿ ಧಾರಾವಾಹಿ, ಎಂದಳು ಮಗಳು. ಅದಕ್ಕೆ ಆ ನಾದ ಕೊಟ್ಟವರು ಇದೇ ಊರಿನವರು ಎಂದು ತಿಳಿದದ್ದು ಆಮೇಲೆ, ಸೀಡರ್ಸ್ ಅವೆನ್ಯೂವಿನ ಒಂದು ಮನೆಗೆ 2017ರಲ್ಲಿ ಹಾಕಿದ ನೆನಪಿನ ನೀಲಿ ಫಲಕ ಕಣ್ಣಿಗೆ ಬಿದ್ದಾಗ. ಡೀಲಿಯಾ ಡರ್ಬಿಶೈರ್.

ಹುಟ್ಟಿದ್ದು 1937ರಲ್ಲಿ. 1940ರ ನವೆಂಬರ್‌ನಲ್ಲಿ ಜರ್ಮನ್ ವಿಮಾನಗಳು ಈ ಊರನ್ನು ಸುಟ್ಟಾಗ ಮೂರು ವರ್ಷದ ಕೂಸು. ಆ ಸೈರನ್‌ಗಳ ಸದ್ದು ಕಿವಿಯಲ್ಲೇ ಉಳಿದು, ಮುಂದೆ ತಮ್ಮ ಸಂಗೀತವಾಯಿತು ಎನ್ನುತ್ತಿದ್ದರು. ಕೇಂಬ್ರಿಡ್ಜ್‌ನಲ್ಲಿ ಗಣಿತ, ಸಂಗೀತ ಓದಿ ಡೆಕ್ಕಾ ರೆಕಾರ್ಡ್ ಕಂಪನಿಯಲ್ಲಿ ಕೆಲಸ ಕೇಳಿದರೆ, ಸ್ಟುಡಿಯೋಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ. ಕೊನೆಗೆ ಬಿಬಿಸಿ ಸೇರಿ, 1962ರಲ್ಲಿ ಕಾರ್ಯಕ್ರಮಗಳಿಗೆ ಹೊಸ ಬಗೆಯ ಸದ್ದು, ಸಂಗೀತ ಮಾಡಿಕೊಡುವ ಅದರ ರೇಡಿಯೋಫೋನಿಕ್ ವರ್ಕ್‌ಶಾಪ್ ವಿಭಾಗಕ್ಕೆ ಬಂದರು.

ಮರುವರ್ಷ ‘ಡಾಕ್ಟರ್ ಹೂ’ಗೆಂದು ಸಂಯೋಜಕ ರಾನ್ ಗ್ರೇನರ್ ಒಂದೇ ಹಾಳೆಯಲ್ಲಿ ಸ್ವರ ಬರೆದುಕೊಟ್ಟರು. ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ವಾದ್ಯ, ಸಿಂಥಸೈಜರ್, ಇನ್ನೂ ಕೈಗೆ ಬಂದಿರಲಿಲ್ಲ. ಒಂದೇ ತಂತಿಯನ್ನು ಮೀಟಿ ಟೇಪಿಗೆ ಹಿಡಿಯುವುದು. ಟೇಪನ್ನು ಬೇಗ ಓಡಿಸಿದರೆ ಸ್ವರ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಹಾಗೆ ಸಿಕ್ಕ ಒಂದೊಂದು ಸ್ವರವನ್ನೂ ಅಳೆದು, ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ ಮಾಲೆ ಕಟ್ಟುವುದು. ತಾಳ ಅಂದರೆ ಇಲ್ಲಿ ಟೇಪಿನ ಉದ್ದ! ಎಲ್ಲೋ ಒಂದು ಸ್ವರ ತಪ್ಪಿದಾಗ ಡೀಲಿಯಾ ಮತ್ತು ಅವರ ಸಹಾಯಕ ಡಿಕ್ ಮಿಲ್ಸ್ ಟೇಪುಗಳನ್ನು ಬಿಬಿಸಿಯ ಮೈಡಾ ವೇಲ್ ಕಟ್ಟಡದ ಉದ್ದನೆಯ ಓಣಿಯಲ್ಲಿ ಅಕ್ಕಪಕ್ಕ ಹಾಸಿ, ಅಂಟು ಎಲ್ಲಿ ಹೊಂದುತ್ತಿಲ್ಲವೆಂದು ನೋಡುತ್ತಾ ನಡೆದರಂತೆ. ಈ ಚಿತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ಕೇಳಿ ಬೆರಗಾದ ಗ್ರೇನರ್, ಇದನ್ನು ಬರೆದದ್ದು ನಾನೇನಾ ಎಂದರು. ಹೆಚ್ಚುಕಡಿಮೆ ನೀವೇ ಎಂದರು ಡೀಲಿಯಾ. ತಮ್ಮ ಜೊತೆ ಆಕೆಯ ಹೆಸರೂ ಬರಲಿ ಎಂದು ಗ್ರೇನರ್ ಕೇಳಿಕೊಂಡರು. ಸಂಬಳದವರ ಹೆಸರು ಹಾಕುವ ಪದ್ಧತಿ ಬಿಬಿಸಿಯಲ್ಲಿ ಇರಲಿಲ್ಲ. ತೆರೆಯ ಮೇಲೆ ಬಂದದ್ದು ವಿಭಾಗದ ಹೆಸರು ಮಾತ್ರ.

ಇದೇ ನಾಡಿನಲ್ಲಿ ಯಾರ್ಕ್‌ನ ಜಾನ್ ಬ್ಯಾರಿ ಸಿನಿಮಾ ಸಂಗೀತಕ್ಕೆ ಐದು ಆಸ್ಕರ್ ಪಡೆದರು. 1997ರಲ್ಲಿ ರೇಚಲ್ ಪೋರ್ಟ್‌ಮನ್ ಚಿತ್ರಸಂಗೀತಕ್ಕೆ ಆಸ್ಕರ್ ಗೆದ್ದಾಗ ಎಷ್ಟು ಸಂಭ್ರಮ! ಡೀಲಿಯಾ ಮಾತ್ರ 1973ರಲ್ಲಿ ಬಿಬಿಸಿ ಬಿಟ್ಟು, ಗ್ಯಾಸ್ ಪೈಪ್‌ಲೈನ್ ಹಾಕುವವರ ಬಳಿ ರೇಡಿಯೋ ಆಪರೇಟರ್ ಆಗಿ ದುಡಿದರು. ಅಂಥ ಕಿವಿ ಅಲ್ಲಿ! ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. 2001ರಲ್ಲಿ ತೀರಿಕೊಂಡ ಮೇಲೆ ಅವರ ಅಟ್ಟದ ಮೇಲೆ ಸಿಕ್ಕಿದ್ದು 267 ಟೇಪುಗಳು.

ಆಕಾಶವಾಣಿಯ ಬೆಳಗಿನ ನಾದ ಕೇಳುತ್ತಲೇ ಎದ್ದು ಬೆಳೆದವಳು ನಾನು. ಅದು ವಾಲ್ಟರ್ ಕೌಫ್‌ಮನ್ ಅವರದೆಂದು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಫಲಕದ ಮುಂದೆ ಅಷ್ಟು ಹೊತ್ತು ನಿಂತದ್ದು ಅದಕ್ಕೇ ಇರಬೇಕು.

ಮೊನ್ನೆ ಮಗಳ ಜೊತೆ ‘ಡಾಕ್ಟರ್ ಹೂ’ ಐವತ್ತು ತುಂಬಿದಾಗಿನ, 2013ರ ಕಂತು ನೋಡಿದೆ. ಕಥೆ ಮುಗಿಯಿತು ಎಂದು ಅವಳು ಎದ್ದಳು. ಕೂತ್ಕೋ ಎಂದೆ. ಹೆಸರುಗಳು ಉರುಳಿದವು. ಡೀಲಿಯಾ ಡರ್ಬಿಶೈರ್ ಎಂದು ಬಂದಾಗ ರಿಮೋಟ್ ಒತ್ತಿ ನಿಲ್ಲಿಸಿದೆ. ಮಗಳು ಗಟ್ಟಿಯಾಗಿ ಓದಿದಳು.